ಅಪ್ಪ ಸಿಕ್ರು, ಆದ್ರ ಮತ್ತೊಮ್ಮೆ ಹೋದ್ರ ಊರಿಗೆ ಹೆಂಗ ತಿಳಸೂದು?

ನವನಗರದ ಮಗ:

ಹುಬ್ಬಳ್ಳಿ-ಧಾರವಾಡ ಮಂದಿಗೆ ಒಂದು ಕೇಳೂದೈತ್ರಿ. ನಮ್ಮಪ್ಪಗ 74 ವರ್ಷ. ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ರು. ಮೂರು ವರ್ಷದಿಂದ ಮರೆವು. ಡಾಕ್ಟರು ಡಿಮೆನ್ಶಿಯಾ ಅಂದಾರ, ನಮ್ಮವ್ವ ಇನ್ನೂ ಅರಳು ಮರಳು ಅಂತಾಳ. ಹೋದ ತಿಂಗಳು ಒಂದಿನ ಮುಂಜಾನೆ ಆರೂವರಿಗೆ ಇನ್‌ಶರ್ಟ್ ಮಾಡಿ, ಖಾಲಿ ಡಬ್ಬಿ ಚೀಲದಾಗ ಇಟಗೊಂಡು, 'ಭೋಂಗಾ ಆತು' ಅಂದು ಹೊಂಟು ಹೋಗ್ಯಾರ. ಭೋಂಗಾ ಅಂದ್ರ ವರ್ಕ್‌ಶಾಪಿನ ಸೈರನ್ರಿ. ನಾವಿರೂ ನವನಗರಕ್ಕ ಯಾವ ಭೋಂಗಾನೂ ಕೇಳಂಗಿಲ್ಲ. ಅವ್ವ ವಾಕಿಂಗ್ ಹೊಂಟಾರ ಅಂತ ತಿಳಕೊಂಡಾಳ.

31 ತಾಸು ಸಿಗಲಿಲ್ರಿ. ಮೊದಲು ಹೋದ ಠಾಣೆಯಾಗ 'ಸಂಜಿತನ ನೋಡ್ರಿ, ಬರ್ತಾರ' ಅಂದ್ರು. ಸಂಜಿಗೆ ಬರಕೊಂಡ್ರು. ಮರುದಿನ ಪೇಪರಿಗೆ ಹೋದ ಚಹರೆ: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಇದು ಅರ್ಧ ಜಿಲ್ಲಾದ ಗಂಡಸರ ಚಹರೆ ಅಲ್ಲೇನ್ರಿ? ಕಡೀ ಸಾಲಿನ್ಯಾಗ 'ಮಾನಸಿಕ ಅಸ್ವಸ್ಥ' ಅಂತ ಬ್ಯಾರೆ.

ನಾವು ವಾಟ್ಸಾಪಿಗೆ ಫೋಟೋ ಬಿಟ್ಟಿವಿ. ಒಂದ ತಾಸಿನ್ಯಾಗ ಪುಣೆ, ದುಬೈ ತನಕ ಮುಟ್ಟಿತು. ಅಪ್ಪ ಕುಂತಿದ್ದು ಗದಗ ಸ್ಟೇಷನ್ನಿನ ಬೆಂಚಿನ ಮ್ಯಾಲೆ. ಅಲ್ಲಿ ಯಾರ ಫೋನಿಗೂ ಅದು ಹೋಗಿದ್ದಿಲ್ಲ. ಚಾ ಮಾರೂ ಹುಡುಗ ಅವರ ಕಾಲರಿನ ಹಿಂದ ಇದ್ದ ಟೇಲರ್ ಪಟ್ಟಿ ಓದಿ, ಅದರ ಮ್ಯಾಲಿನ ನಂಬರಿಗೆ ಹಚ್ಚಿದ. ಕೇಶ್ವಾಪುರದ ಟೇಲರು ಅಂಗಿ ಬಣ್ಣ ಕೇಳಿ ನಮಗ ಹೇಳಿದ್ರು. ಅಷ್ಟ.

2023ರ ಅಕ್ಟೋಬರಿನ್ಯಾಗ ಎಲ್ಲಾರ ಫೋನೂ ಒಮ್ಮೆಲೇ ಕೂಗಿದ್ವಲ್ಲ, ವಿಪತ್ತಿನ ಪರೀಕ್ಷಾ ಸಂದೇಶ ಅಂತ? ಅಂಥಾದ್ದು ಇಂಥಾ ಹಿರ್ಯಾರ ಸಲುವಾಗಿ ಯಾಕ ಬರಬಾರದು? ಅದು ಬರೂತನಕ ನಾವು ಏನ್ ಮಾಡಿ ಇಟ್ಟಿರಬೇಕು?

ಕಂಡಕ್ಟರ್ ಕಾಕಾ:

ತಮ್ಮಾ, ನಾ 29 ವರ್ಷ ಬಸ್ಸಿನ್ಯಾಗ ಗಂಟಿ ಹೊಡದಾಂವ. ಇಂಥಾ ಹಿರ್ಯಾರು ಟಿಕೆಟ್ ಕೇಳಿದ್ರ ತಮ್ಮ ಹಳೇ ಊರಿನ ಹೆಸರು ಹೇಳ್ತಾರ. ಒಬ್ಬ ಅಜ್ಜ ನನಗ 'ಮನಿ' ಅಂದಿದ್ದ, ಊರು ಅಲ್ಲ, ಬರೇ ಮನಿ. ಅವನ್ನ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ರ ಕುಂದ್ರಿಸಿ ಮುಂದ ಹೋದೆ. ನನ್ನ ಹತ್ರ ಆವಾಗ ಒಂದ ಫೋಟೋ ಇದ್ದಿದ್ರ ಆ ಮನ್ಯಾರಿಗೆ ಎರಡು ದಿನದ ಹುಡುಕಾಟ ತಪ್ಪತಿತ್ತು.

ಅದಕ್ಕ ಹೇಳ್ತೀನಿ, ಊರಿಗೆಲ್ಲಾ ಕಳಸಬ್ಯಾಡ. ಮೊದಲ ತಾಸಿನ್ಯಾಗ ಹಳೇ ಬಸ್‌ಸ್ಟ್ಯಾಂಡು, ಹೊಸ ಬಸ್‌ಸ್ಟ್ಯಾಂಡು, ಸಿಬಿಟಿ (ಸಿಟಿ ಬಸ್‌ಸ್ಟ್ಯಾಂಡು) ಮೂರೂ ಕಡೆ ಕಂಟ್ರೋಲರ್ ಹತ್ರ ಖುದ್ದು ಹೋಗು. ಮೈಕಿನ್ಯಾಗ ಕೂಗಸ್ತಾರ. ಡ್ರೈವರ್-ಕಂಡಕ್ಟರ್ ಗ್ರೂಪಿಗೆ ಅವರ ಕೈಲೇ ಹಾಕ್ಸು. ನೀ ಹಾಕಿದ್ರ ನೂರರಾಗ ಒಂದು ಫಾರ್ವರ್ಡ್, ಕಂಟ್ರೋಲರ್ ಹಾಕಿದ್ರ ಡ್ಯೂಟಿ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಸ್ಟೇಷನ್ನಿನ್ಯಾಗೂ ಕೇಳು, ಅಲ್ಲಿ ಕ್ಯಾಮೆರಾ ಅದಾವ.

ಇನ್ನೊಂದು, ಹೆಣಮಕ್ಕಳ ವಿಷಯ. 2023ರ ಜೂನಿನಿಂದ ಶಕ್ತಿ ಬಂದೈತಿ. ಆಧಾರ್ ಕಾರ್ಡ್ ಸೆರಗಿನ ಗಂಟಿನ್ಯಾಗ ಇದ್ರ ಅಜ್ಜಿ ಒಂದ ರೂಪಾಯಿ ಇಲ್ದ ಕಲಬುರಗಿ ಮುಟ್ಟಬಹುದು. 'ಆಕಿ ಹತ್ರ ರೊಕ್ಕ ಇಲ್ಲ, ಇಲ್ಲೇ ಓಣ್ಯಾಗ ಇರ್ತಾಳ' ಅಂತ ಕುಂದ್ರಬ್ಯಾಡ್ರಿ.

ಬ್ಯಾಡಗಿ ಟು ಸೋಲ್:

ನಾನು ದಕ್ಷಿಣ ಕೊರಿಯಾದಾಗ ಇದ್ದೀನಿ. ಇಲ್ಲಿ 2021ರಿಂದ ಪೊಲೀಸರು ಖರೇನ ಕಳಸ್ತಾರ. ಆ ಭಾಗದ ಫೋನುಗಳಿಗೆ ಮೆಸೇಜು: ಹೆಸರು, ವಯಸ್ಸು, ಎತ್ತರ ಎಷ್ಟು ಸೆಂಟಿಮೀಟರ್, ತೂಕ ಎಷ್ಟು ಕೆಜಿ, ಅಂಗಿ-ಪ್ಯಾಂಟು-ಚಪ್ಪಲಿ ಬಣ್ಣ, ಫೋಟೋದ ಲಿಂಕು, ಕಾಣೆಯಾದವರಿಗಂತ ಇರೂ 182 ನಂಬರು. ಮನ್ಯಾರ ಒಪ್ಪಿಗಿ ಬೇಕು. ಕೋಲು ಮುಖ ಅಂತೂ ಇರಂಗಿಲ್ಲ 🙂 ಬಸ್ ಸ್ಟಾಪಿನ್ಯಾಗ ನಿಂತು ನಾನೂ ಒಂದೆರಡು ಸಲ ಸುತ್ತಮುತ್ತ ನೋಡೀನಿ. ಆದ್ರ ದಿನಾ ಬಂದ್ರ ಮಂದಿ ಬಂದ್ ಮಾಡಿ ಇಡ್ತಾರ, ಅದೂ ಕಂಡೀನಿ.

ಅಮೆರಿಕಾದಾಗ ಕಾಣೆಯಾದ ಹಿರ್ಯಾರ ಸಲುವಾಗಿ ಇರೂ ಸಿಲ್ವರ್ ಅಲರ್ಟ್ ಹೈವೇ ಬೋರ್ಡಿನ ಮ್ಯಾಲೆ ಕಾರಿನ ನಂಬರು ತೋರಸ್ತೈತಿ. ಅಲ್ಲಿ ಹಿರ್ಯಾರು ಕಾರು ತಗೊಂಡು ಹೋಗ್ತಾರ, ನಮ್ಮವರು ನಡಕೊಂತ ಹೋಗ್ತಾರ. ಬೋರ್ಡು ನಮಗ ಉಪಯೋಗಿಲ್ಲ. ಕಾಕಾ ಹೇಳಿದ್ದ ನಮ್ಮ ಅಲರ್ಟು.

ಗೋಕುಲ ರೋಡ್:

ಜಿಪಿಎಸ್ ವಾಚ್ ಕೊಡಸ್ರಿ, ಮುಗೀತು.

ನವನಗರದ ಮಗ:

@ಗೋಕುಲ ರೋಡ್, ಕೊಡಸೀನ್ರಿ. ರಾತ್ರಿ ಎಂಟಕ್ಕ ಬಿಚ್ಚಿ ಅಕ್ಕಿ ಡಬ್ಬಿಯಾಗ ಇಡ್ತಾರ. ಕಳ್ಳರ ಹೆದರಿಕಿಯಂತ.

ಮಾಳಮಡ್ಡಿ ಅಕ್ಕ:

ನರ್ಸ್ ಇದ್ದೀನ್ರಿ, ಇಂಥಾ ಮನ್ಯಾರನ್ನ ವಾರಾ ನೋಡ್ತೀನಿ. 24 ತಾಸು ಕಾಯಬೇಕು ಅನ್ನೂದು ಕಾಯ್ದೆಯಾಗ ಎಲ್ಲೂ ಇಲ್ಲ. ಠಾಣೆಗೆ ಹೋಗೂ ಮೊದಲ 112ಕ್ಕ ಹಚ್ರಿ, ಹಚ್ಚಿದ ಹೊತ್ತು ದಾಖಲಾಗ್ತೈತಿ. ರೈಲಿನ ಸಂಶಯ ಇದ್ರ ರೈಲ್ವೆ ಸಹಾಯವಾಣಿ 139. ಊರಿನ ಆಸ್ಪತ್ರೆಗಳ ತುರ್ತು ವಾರ್ಡು, ನಿರಾಶ್ರಿತರ ಕೇಂದ್ರ, ಆಮ್ಯಾಲೆ ಸಿದ್ಧಾರೂಢ ಮಠದ ಪ್ರಸಾದದ ಪಂಕ್ತಿ ನೋಡ್ರಿ. ಹಸಿವಿಗೆ ಮರೆವಿಲ್ರಿ.

ಅವರು ಸುಮ್ಮನ ಅಡ್ಡಾಡಂಗಿಲ್ಲ, ಎಲ್ಲಿಗೋ ಹೊಂಟಿರ್ತಾರ. ಇಂಗ್ಲೆಂಡಿನ ಪೊಲೀಸರ ಹತ್ರ ಹರ್ಬರ್ಟ್ ಪ್ರೋಟೋಕಾಲ್ ಅಂತ ಒಂದು ಫಾರ್ಮ್ ಐತಿ. ಜಾರ್ಜ್ ಹರ್ಬರ್ಟ್ ಅಂತ, ಎರಡನೇ ಮಹಾಯುದ್ಧದ ನಾರ್ಮಂಡಿ ಕಾಳಗಕ್ಕ ಹೋಗಿ ಬಂದಿದ್ದ ಸಿಪಾಯಿ, ಮರೆವಿನ ಕಾಯಿಲೆ ಇತ್ತು; ಅವನ ಹೆಸರು ಇಟ್ಟಾರ. ಹಳೇ ಮನಿ, ಹಳೇ ಕೆಲಸ, ಔಷಧ, ಇತ್ತೀಚಿನ ಫೋಟೋ ಎಲ್ಲಾ ಮೊದಲ ಬರದು ಇಡೂದು. ನಿಮ್ಮಪ್ಪಾರಿಗೆ ಒಂದು ಹಾಳಿ ಬರೀರಿ: ವರ್ಕ್‌ಶಾಪು, ಹಳೇ ಕ್ವಾರ್ಟರ್ಸು, ಹುಟ್ಟಿದೂರು. ಗದಗಿನ್ಯಾಗ ಯಾರದಾರ?

ಪೋಸ್ಟಿನ್ಯಾಗ 'ಮಾನಸಿಕ ಅಸ್ವಸ್ಥ' ಬ್ಯಾಡ. ಅದನ್ನ ಓದಿದ ಮಂದಿ ದೂರ ಸರೀತಾರ. 'ಮರೆವಿನ ಕಾಯಿಲೆ ಐತಿ, ಕುಂದ್ರಿಸಿ ಚಾ ಕೊಡ್ರಿ, ಫೋನ್ ಮಾಡ್ರಿ' ಅಂತ ಬರೀರಿ. ಯಾಕ ಹೋದ್ರಿ ಅಂತ ಮನ್ಯಾಗ ಬೈಬ್ಯಾಡ್ರಿ, ಹೋಗಿದ್ದ ಅವರಿಗೆ ನೆನಪಿರಂಗಿಲ್ಲ, ಬೈದಿದ್ದು ಮಾತ್ರ ಒಳಗ ಉಳೀತೈತಿ. ಹಿರಿಯರ ಸಹಾಯವಾಣಿ 14567 ಸೇವ್ ಮಾಡಿ ಇಟಗೋರಿ.

ನವನಗರದ ಮಗ:

ಅಕ್ಕಾರ, ಗದಗಿನ್ಯಾಗ ಯಾರೂ ಇಲ್ಲ ಅಂತಿದ್ದೆ. ಅವ್ವನ್ನ ಕೇಳಿದೆ. ಬೆಟಗೇರಿಯೊಳಗ ಅಪ್ಪನ ಅಕ್ಕ ಇದ್ಲಂತ, ನಾ ಹುಟ್ಟೂ ಮೊದಲ ತೀರಿಕೊಂಡಾಕಿ. ಡಬ್ಬಿ ಅಕ್ಕಗ ಕೊಡಾಕ ಹೊಂಟಿದ್ರೋ ಏನೋ. ಹಾಳಿ ಮ್ಯಾಲೆ ಬರದೀನಿ.

ಪೋಸ್ಟ್ ಹಾಕಾವ್ರಿಗೆ ಒಂದು ಮಾತು: ಸ್ವಂತ ನಂಬರು ಹಾಕಬ್ಯಾಡ್ರಿ. ಅಪ್ಪ ಸಿಗೂ ಮೊದಲ ಒಬ್ಬಾಂವ 'ನಿಮ್ಮಪ್ಪಗ ಆಕ್ಸಿಡೆಂಟ್ ಆಗೇತಿ, ಆಂಬುಲೆನ್ಸಿಗೆ ಎರಡು ಸಾವಿರ ಫೋನ್‌ಪೇ ಮಾಡ್ರಿ' ಅಂದ. ನಮ್ಮ ತಮ್ಮ ಹಾಕೇಬಿಟ್ಟ. ಠಾಣೆಯ ನಂಬರು ಹಾಕಿ, ತಾರೀಖು ಬರದು, ಸಿಕ್ಕ ಮ್ಯಾಲೆ 'ಸಿಕ್ಕಾರ' ಅಂತ ಅದ ಫೋಟೋದ ಮ್ಯಾಲೆ ಕೆಂಪಕ್ಷರದಾಗ ಬರದು ಮತ್ತ ಬಿಡ್ರಿ. ನಾವು ಬಿಡಲಿಲ್ಲ. ಮೊನ್ನೆ ನಮ್ಮ ಬೀಗರ ಗ್ರೂಪಿನ್ಯಾಗ ಅದ ಫೋಟೋ ತಿರುಗಿ ಬಂತು. ಅಪ್ಪ ನೋಡಿ 'ಪಾಪ, ಯಾರ ಮನಿ ಹಿರ್ಯಾರೋ' ಅಂದ್ರು.

ಟೇಲರ್ ಹತ್ರ ಹೋಗಿ ಒಂಬತ್ತು ಅಂಗಿಗೂ ಕಾಲರ್ ಒಳಗ ಬಟ್ಟೆ ಪಟ್ಟಿ ಹಚ್ಚಿಸೀನಿ, ನಂದು, ತಮ್ಮಂದು ಎರಡೂ ನಂಬರು. ರೊಕ್ಕ ತಗೋಲಿಲ್ಲ ಅವರು. ಕಾಕಾ, ಗದಗ ಕಂಟ್ರೋಲರ್ ಹತ್ರ ಫೋಟೋ ಕೊಡಾಕ ರವಿವಾರ ಹೊಂಟೀನಿ, ಎಷ್ಟೊತ್ತಿಗೆ ಹೋದ್ರ ಬಿಡುವಿರ್ತೈತ್ರಿ?

ಕಂಡಕ್ಟರ್ ಕಾಕಾ:

ಹನ್ನೊಂದರ ಮ್ಯಾಲೆ ಹೋಗು. ಎರಡು ಫೋಟೋ ಒಯ್ಯಿ, ಒಂದು ಆ ಚಾ ಹುಡುಗಗ.