ಲಿವರ್ ಆ್ಯಕ್ಷನ್ ರೈಫಲ್: ಚೆಂದ ಯಾವುದು, ಗಟ್ಟಿ ಯಾವುದು?

ಡಲ್ಲಾಸ್ ಕಡೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಮೊದಲ ರೈಫಲ್ ಲಿವರ್ ಆ್ಯಕ್ಷನ್ನೇ (ಟ್ರಿಗರ್ ಸುತ್ತಲಿನ ಹಿಡಿಯನ್ನು ಕೆಳಗೆ-ಮೇಲೆ ಆಡಿಸಿ ತೋಟಾ ಬದಲಿಸುವಂಥದ್ದು) ಆಗಲಿ ಅಂತ ಆಸೆ. ರೇಂಜಿನಲ್ಲಿ 100 ಗಜದ ಗುರಿ, ಆಗೊಮ್ಮೆ ಈಗೊಮ್ಮೆ ಕಾಡುಹಂದಿ, ಅಷ್ಟೇ ಉಪಯೋಗ. ಇಲ್ಲಿನ ಅಂಗಡಿಯಲ್ಲಿ .30-30 ಅಳತೆಯ ತೋಟಾದವು ನಾಲ್ಕು ಇವೆ: ಹೊಸ ಮಾರ್ಲಿನ್ 336, ಹೊಸ ವಿಂಚೆಸ್ಟರ್ 94, ಹಿತ್ತಾಳೆ ರಿಸೀವರಿನ (ಯಂತ್ರಭಾಗಗಳನ್ನು ಹೊತ್ತ ನಡುವಿನ ಲೋಹದ ಕವಚ) ಹೆನ್ರಿ, ಮತ್ತೆ ಒಂದು ಸೆಕೆಂಡ್ ಹ್ಯಾಂಡ್ ಮಾರ್ಲಿನ್. ನೋಟಕ್ಕೆ ಹೆನ್ರಿ ಎಳೆಯುತ್ತೆ. ಆದರೆ ಕೆಲಸಗಾರಿಕೆಯಲ್ಲಿ ಯಾವುದು ಮೇಲು? ಇಟ್ಟುಕೊಂಡು ಬಳಸುತ್ತಿರುವವರು ಹೇಳಿ.

ಲೇತ್ ಮಿಷಿನ್

ನಳಿಗೆ ಮೇಲಿನ ಹೆಸರು ನೋಡಿ ಕೊಳ್ಳಬೇಡಿ. ಯಾವ ಫ್ಯಾಕ್ಟರಿ, ಯಾವ ಕಾಲ ಅನ್ನೋದನ್ನ ಮೊದಲು ತಿಳ್ಕೊಳ್ಳಿ. ಮಾರ್ಲಿನ್ ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ದರ್ಜೆಯ ಕೋವಿಗಳಿವೆ.

ಒಂದನೆಯದು ಕನೆಕ್ಟಿಕಟ್‌ನ ನಾರ್ತ್ ಹೇವನ್‌ನಲ್ಲಿ ತಯಾರಾದದ್ದು. ನಳಿಗೆ ರಿಸೀವರಿಗೆ ಸೇರುವ ಬುಡದಲ್ಲಿ ಸಣ್ಣ ಅಂಡಾಕಾರದೊಳಗೆ ‘ಜೆಎಂ’ ಅಂತ ಮುದ್ರೆ ಇರುತ್ತೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದಕ್ಕೇ ಹೆಚ್ಚು ಬೆಲೆ. ಎರಡನೆಯದು ರೆಮಿಂಗ್ಟನ್ ಕಾಲದ್ದು. 2007ರ ಕೊನೆಗೆ ರೆಮಿಂಗ್ಟನ್ ಮಾರ್ಲಿನ್ ಅನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು, ಆಮೇಲೆ ನಾರ್ತ್ ಹೇವನ್ ಮುಚ್ಚಿ ಕೆಲಸವನ್ನು ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿಸಿತು. ಸವೆದ ಯಂತ್ರಗಳು ಹೋದವು, ಅವುಗಳ ಮರ್ಜಿ ಬಲ್ಲ ಹಳೇ ಕೆಲಸಗಾರರು ಹೋಗಲಿಲ್ಲ. ಫಲ: ಓರೆಯಾಗಿ ಕೂತ ಮುಂದಿನ ಸೈಟು, ಲೋಹಕ್ಕಿಂತ ದಪ್ಪಗೆ ಎದ್ದು ನಿಂತ ಮರ, ಮರಳು ಸೇರಿದ ಹಾಗೆ ಕರಕರ ಅನ್ನೋ ಲಿವರ್. ಇವನ್ನೇ ಜನ ‘ರೆಮ್ಲಿನ್’ ಅಂತ ಆಡಿಕೊಳ್ಳೋದು. ನಳಿಗೆ ಬುಡದಲ್ಲಿ ‘ಆರ್‌ಇಪಿ’ ಮುದ್ರೆ, ಸೀರಿಯಲ್ ನಂಬರ್ ‘ಎಂಆರ್’ನಿಂದ ಶುರು. ಕೊನೆಯ ಕೆಲವು ವರ್ಷಗಳಲ್ಲಿ ಹೊಸ ಯಂತ್ರ ಬಂದು ಸುಧಾರಿಸಿತು, ಹಾಗಾಗಿ ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸೋದು ನ್ಯಾಯವಲ್ಲ. ಬದಲಾವಣೆಯ ಹೊತ್ತಿನಲ್ಲಿ ಜೆಎಂ ನಳಿಗೆ ಹಾಕಿ ಇಲಿಯನ್‌ನಲ್ಲಿ ಜೋಡಿಸಿದವೂ ಇವೆ, ಮುದ್ರೆಯೊಂದನ್ನೇ ನಂಬಿ ದುಡ್ಡು ಸುರಿಯಬೇಡಿ.

ಮೂರನೆಯದು ರುಗರ್. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಮಾರ್ಲಿನ್ ರುಗರ್ ಕಂಪನಿಯ ಪಾಲಾಯಿತು. ಉತ್ತರ ಕೆರೊಲಿನಾದ ಮೇಯೊಡನ್‌ನಲ್ಲಿ ತಯಾರಿಕೆ, 2021ರ ಕೊನೆಗೆ ಮೊದಲು ಹೊರಬಂದದ್ದು .45-70 ತೋಟಾದ 1895 ಎಸ್‌ಬಿಎಲ್ ಮಾಡೆಲ್. ಸೀರಿಯಲ್ ‘ಆರ್‌ಎಂ’ನಿಂದ ಶುರುವಾಗುತ್ತೆ. ನಳಿಗೆ ಕೋಲ್ಡ್ ಹ್ಯಾಮರ್ ಫೋರ್ಜಿಂಗ್‌ನದು (ಕಾಯಿಸದೆ ಸುತ್ತಿಗೆಯಿಂದ ಬಡಿದು ರೂಪಿಸಿದ್ದು). ಒಳಗಿನ ಭಾಗಗಳ ಅಂಚು ಒರಟಿಲ್ಲ, ಮರ ಲೋಹದ ಸಮಕ್ಕೆ ಕೂತಿರುತ್ತೆ. ನನ್ನ ಮಟ್ಟಿಗೆ ಹೊಸ 336 ಕ್ಲಾಸಿಕ್, ಸುಮಾರಾದ ಜೆಎಂಗಿಂತ ಮೇಲು. ಹಳೇ ಅಭಿಮಾನಿಗಳು ಬೈಯಲಿ, ಪರವಾಗಿಲ್ಲ.

ವಿಂಚೆಸ್ಟರ್ 94 ಕಥೆಯೂ ಹಾಗೇ. ಜಾನ್ ಬ್ರೌನಿಂಗ್ ರೂಪಿಸಿದ್ದು. ‘1964ಕ್ಕಿಂತ ಹಿಂದಿನದು’ ಅಂತ ಎರಡು ಪಟ್ಟು ಬೆಲೆ ಕೇಳೋದಕ್ಕೆ ಕಾರಣ ಇದೆ: ಆ ವರ್ಷ ಖರ್ಚು ಇಳಿಸಲು ತಗಡು ಒತ್ತಿ ಮಾಡಿದ ಲಿಫ್ಟರ್ (ತೋಟಾ ಎತ್ತುವ ಭಾಗ), ತಗಡು ಸುರುಳಿಯ ರೋಲ್ ಪಿನ್ನುಗಳು ಬಂದವು, ರಿಸೀವರಿನ ಲೋಹವೂ ಬದಲಾಯಿತು. ಆ ಲೋಹಕ್ಕೆ ಮಾಮೂಲಿ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡುನೀಲಿ ರಾಸಾಯನಿಕ ಬಣ್ಣ) ಹಿಡಿಯಲ್ಲ. ಅದಕ್ಕೇ 70ರ ದಶಕದ 94ಗಳ ರಿಸೀವರ್ ಚಕ್ಕೆಯೆದ್ದು ಚುಕ್ಕೆ ಚುಕ್ಕೆಯಾಗಿ ಕಾಣುತ್ತೆ, ಮತ್ತೆ ಬ್ಲೂಯಿಂಗ್ ಮಾಡಿಸಿದರೂ ಬಣ್ಣ ಕೂರಲ್ಲ. ಗುಂಡು ಹಾರಿಸೋಕೆ ಅದರಿಂದ ತೊಂದರೆಯಿಲ್ಲ, ಚೆಂದಕ್ಕೆ ಮಾತ್ರ ಕುತ್ತು. ನ್ಯೂ ಹೇವನ್ ಫ್ಯಾಕ್ಟರಿ 2006ರಲ್ಲಿ ಮುಚ್ಚಿತು. ಈಗಿನದು ಮಿರೋಕು ಕಂಪನಿಯದು, ಜಪಾನಿನ ಕೋಚಿಯಲ್ಲಿ (ಕೇರಳದ್ದಲ್ಲ!) ತಯಾರಾಗುತ್ತೆ. ನಿಮ್ಮ ನಾಲ್ಕರಲ್ಲಿ ಬರೀ ಫಿನಿಶಿಂಗ್ ನೋಡಿದರೆ ಅದೇ ಮೊದಲು. ಟ್ಯಾಂಗ್ (ರಿಸೀವರಿನಿಂದ ಹಿಂದಕ್ಕೆ ಚಾಚಿದ ಲೋಹದ ಬಾಲ) ಮೇಲಿನ ಸೇಫ್ಟಿ ಮಾತ್ರ ಹಳೇ ಗೆರೆಯನ್ನು ಕೆಡಿಸಿದೆ. ಅದರ ರೀಬೌಂಡಿಂಗ್ ಹ್ಯಾಮರಿನಿಂದ (ಹೊಡೆದ ಮೇಲೆ ತುಸು ಹಿಂದಕ್ಕೆ ಸರಿದು ನಿಲ್ಲುವ ಸುತ್ತಿಗೆ) ಟ್ರಿಗರ್ ಕೂಡ ಸ್ವಲ್ಪ ಭಾರ.

ಬೀಟೆಮರ

ಮೇಲಿನವರು ಲೋಹದ ವಿಷಯ ಹೇಳಿದರು. ಮರದ ವಿಷಯದಲ್ಲಿ ಅಂಗಡಿಯಲ್ಲಿ ಎಲ್ಲರೂ ಎಳೆ, ಬಣ್ಣ ನೋಡುತ್ತಾರೆ. ನೋಡಬೇಕಾದ ಜಾಗ ಬೇರೆ. ಲಿವರ್ ಗನ್ನಿನ ಬಟ್ ಸ್ಟಾಕ್ (ಹೆಗಲಿಗೆ ಆನಿಸುವ ಹಿಂದಿನ ಮರ) ರಿಸೀವರಿನ ಹಿಂಭಾಗಕ್ಕೆ ಆತು ನಿಲ್ಲುತ್ತೆ, ಮೇಲಿನ ಟ್ಯಾಂಗ್ ಮರದೊಳಗೆ ಹುದುಗಿರುತ್ತೆ. ಒದೆತವನ್ನು ಹೊರಬೇಕಾದ್ದು ರಿಸೀವರಿಗೆ ಮುಖಾಮುಖಿ ಆಗಿರುವ ಮರದ ಅಗಲ ಭಾಗ, ಎಡಬಲ ಎರಡೂ ಕಡೆ ಸಮನಾಗಿ. ಅಲ್ಲಿ ವಿಸಿಟಿಂಗ್ ಕಾರ್ಡ್ ನುಸುಳಿದರೆ ಕೆಲಸ ಸರಿಯಿಲ್ಲ. ಟ್ಯಾಂಗಿನ ಬಾಲದ ತುದಿಯ ಹಿಂದೆ ಮಾತ್ರ ಕೂದಲೆಳೆಯಷ್ಟು ಸಂದು ಇರಲೇಬೇಕು. ಅದನ್ನು ನೋಡಿ ‘ಫಿಟಿಂಗ್ ಸರಿಯಿಲ್ಲ’ ಅನ್ನೋರಿದ್ದಾರೆ, ತಪ್ಪು. ಅಲ್ಲಿ ಸಂದಿಲ್ಲದಿದ್ದರೆ ಪ್ರತಿ ಗುಂಡಿಗೂ ಟ್ಯಾಂಗ್ ಬೆಣೆಯ ಹಾಗೆ ಮರದೊಳಕ್ಕೆ ಹೊಡೆದುಕೊಂಡು ಸೀಳುತ್ತೆ. ಸೆಕೆಂಡ್ ಹ್ಯಾಂಡ್ ಆದರೆ ಟ್ಯಾಂಗ್ ಹಿಂದೆ ಟಾರ್ಚ್ ಅಡ್ಡ ಹಿಡಿದು ನೋಡಿ, ಕೂದಲು ಬಿರುಕು ಇದ್ದರೆ ಅಲ್ಲೇ ಇರುತ್ತೆ.

ಇನ್ನೊಂದು, ಬಟ್ ಪ್ಲೇಟ್ ಬಿಚ್ಚಿದರೆ ಕಾಣುವ ಕೊಯ್ದ ತುದಿ. ಬಹಳಷ್ಟು ಫ್ಯಾಕ್ಟರಿ ಸ್ಟಾಕ್‌ಗಳಿಗೆ ಅಲ್ಲಿ ಫಿನಿಶ್ ಬಳಿದಿರೋದಿಲ್ಲ. ಟೆಕ್ಸಾಸಿನ ಸೆಖೆಗೆ ಮರ ತೇವ ಕುಡಿಯೋದು ಆ ಬಾಯಿಂದಲೇ. ಟಂಗ್ ಎಣ್ಣೆ ಅಥವಾ ಬೇಯಿಸಿದ ಅಗಸೆ ಎಣ್ಣೆ ತೆಳುವಾಗಿ, ಒಂದೊಂದು ಸಲವೂ ಒಣಗಲು ಬಿಟ್ಟು, ಮೂರು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುತ್ತೆ. ಹರಡಿ ಒಣಗಿಸಿ ಅಥವಾ ನೀರಲ್ಲಿ ಅದ್ದಿಡಿ.

ಹಿತ್ತಾಳೆ ಪ್ರೇಮಿ

ಹೆನ್ರಿ ಪರವಾಗಿ ಒಂದು ಮಾತು. ಲಿವರ್ ನಯದಲ್ಲಿ ಹೊಸದಾಗಿ ಡಬ್ಬ ಬಿಚ್ಚಿದಾಗ ಹೆನ್ರಿಯನ್ನು ಮೀರಿಸೋದು ಕಷ್ಟ. ಆದರೆ ‘ಹಿತ್ತಾಳೆ’ಯಲ್ಲಿ ಎರಡು ಜಾತಿ. .30-30 ಅಥವಾ ಪಿಸ್ತೂಲ್ ತೋಟಾದ ಬಿಗ್ ಬಾಯ್‌ನ ರಿಸೀವರ್ ನಿಜವಾದ ಹಿತ್ತಾಳೆ ಮಿಶ್ರಲೋಹ. .22ರ ಗೋಲ್ಡನ್ ಬಾಯ್‌ನದು ಸತುವಿನ ಮಿಶ್ರಲೋಹದ ಮೇಲೆ ಹಿತ್ತಾಳೆ ಬಣ್ಣದ ಲೇಪ. ಮೊದಲನೆಯದನ್ನು ಪಾಲಿಶ್ ಮಾಡಬಹುದು. ಎರಡನೆಯದನ್ನು ಉಜ್ಜಿದರೆ ಲೇಪವೇ ಎದ್ದು ಬರುತ್ತೆ. ಹಿತ್ತಾಳೆ ಕಂಡ ಕೂಡಲೇ ದೇವರ ದೀಪ ಅಂತ ಹುಣಸೆಹಣ್ಣು ಹಾಕಿ ತಿಕ್ಕೋಕೆ ಹೋಗಬೇಡಿ. ಆ ಹುಳಿ ಪಕ್ಕದ ಉಕ್ಕಿನ ಬ್ಲೂಯಿಂಗ್ ಅನ್ನು ತಿಂದುಹಾಕುತ್ತೆ, ಸಂದಿಗೆ ಇಳಿದರೆ ತುಕ್ಕು.

ತೂಕ ನೆನಪಿರಲಿ. ಹಿತ್ತಾಳೆ ಉಕ್ಕಿಗಿಂತ ಭಾರ, ಜೊತೆಗೆ ಅಷ್ಟಕೋನದ ನಳಿಗೆ ಸೇರಿದರೆ 8 ಪೌಂಡ್ ದಾಟುತ್ತೆ. ಮಾರ್ಲಿನ್ 336 ಏಳೂವರೆ. ಬೆಂಚಿನ ಮೇಲಿಟ್ಟು ಹೊಡೆಯೋಕೆ ಭಾರವೇ ಒಳ್ಳೇದು, ಒದೆತ ಕಡಿಮೆ. ಹಂದಿ ಹಿಂದೆ ಅರ್ಧ ದಿನ ನಡೆಯೋಕೆ ಅಲ್ಲ. ಕೊಳ್ಳೋದಾದರೆ ಸೈಡ್ ಗೇಟ್ (ರಿಸೀವರಿನ ಪಕ್ಕದಿಂದ ತೋಟಾ ತುಂಬುವ ಬಾಗಿಲು) ಇರೋದನ್ನೇ ಕೊಳ್ಳಿ. ಹಳೇ ಹೆನ್ರಿಗಳಲ್ಲಿ ನಳಿಗೆ ಕೆಳಗಿನ ತೋಟಾ ಟ್ಯೂಬಿನ ಮುಂದಿನ ತುದಿಯಿಂದ ಮಾತ್ರ ತುಂಬಬೇಕು.

ಡಲ್ಲಾಸ್ ಕಡೆಯವ

ತುಂಬಾ ಧನ್ಯವಾದ. ಸೆಕೆಂಡ್ ಹ್ಯಾಂಡ್ ಮಾರ್ಲಿನ್‌ನಲ್ಲಿ ಜೆಎಂ ಮುದ್ರೆ ಇದೆ. ಬೆಲೆ ಹೊಸದಕ್ಕಿಂತ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಹತ್ತು ನಿಮಿಷ ಸಿಕ್ಕರೆ ಏನೇನು ನೋಡಲಿ? ಮೇಲೆ ಸ್ಕೋಪ್ ಹಾಕೋ ಯೋಚನೆಯೂ ಇದೆ.

ಸ್ಕ್ರೂಡ್ರೈವರ್

ಮೊದಲು ಲಿವರ್ ಪೂರ್ತಿ ತೆರೆದು ಚೇಂಬರಿನೊಳಗೆ (ತೋಟಾ ಕೂರುವ ನಳಿಗೆಯ ಹಿಂದಿನ ಗೂಡು) ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಟ್ಯೂಬಿನ ಫಾಲೋವರ್ (ತೋಟಾಗಳನ್ನು ತಳ್ಳುವ ಬಿರಡೆ) ಕಾಣುತ್ತಿದೆಯಾ ನೋಡಿ. ಅಂಗಡಿಯವರು ‘ಖಾಲಿ ಇದೆ’ ಅಂದರೂ ಬಿಡಬೇಡಿ.

ಆಮೇಲೆ ಕೋವಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಕೈ ಚಾಚಿ ಹಿಡಿದು, ರಿಸೀವರಿನ ಚಪ್ಪಟೆ ತಲೆಯನ್ನು ಗೆರೆಯಾಗಿಟ್ಟುಕೊಂಡು ಹಿಂದಿನ ಸೈಟು, ಮುಂದಿನ ಸೈಟು ನೆಟ್ಟಗಿದೆಯಾ ನೋಡಿ. ಮುಂದಿನದು ವಾಲಿದ್ದರೆ ನಳಿಗೆಯನ್ನು ಹೆಚ್ಚು ಅಥವಾ ಕಡಿಮೆ ತಿರುಚಿ ಕೂರಿಸಿದ್ದಾರೆ ಅಂತ ಅರ್ಥ. ಅದನ್ನು ಮನೆಯಲ್ಲಿ ಸರಿಮಾಡೋಕಾಗಲ್ಲ. ಹಿಂದಿನ ಸೈಟನ್ನು ಒಂದು ಪಕ್ಕಕ್ಕೆ ವಿಪರೀತ ಸರಿಸಿದ್ದರೆ ಯಾರೋ ಅದೇ ದೋಷವನ್ನು ಮುಚ್ಚೋಕೆ ನೋಡಿದ್ದಾರೆ.

ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಬಿಚ್ಚಿದವರ ಬಳಿ ಸರಿಯಾದ ಬಿಟ್ ಇರಲಿಲ್ಲ. ಮಾಮೂಲಿ ಸ್ಕ್ರೂಡ್ರೈವರಿನ ತುದಿ ಇಳಿಜಾರು, ಬಿಗಿ ಹಿಡಿದಾಗ ಹಾರಿ ಸ್ಕ್ರೂ ತಲೆಯ ಸೀಳನ್ನು ಕೆಡಿಸುತ್ತೆ. ತುದಿ ಇಳಿಜಾರಿಲ್ಲದ ಹಾಲೋ ಗ್ರೌಂಡ್ ಬಿಟ್ ಸೆಟ್ ಒಂದು ಕೊಳ್ಳಿ.

ಅನುಮತಿ ಕೇಳಿ ಟ್ರಿಗರ್ ಪರೀಕ್ಷೆ: ಹ್ಯಾಮರ್ ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಿನಿಂದ ಮುಂದಕ್ಕೆ ಒತ್ತಿ. ಜಾರಿದರೆ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಅಂಚು ಸವೆದಿದೆ, ಅಥವಾ ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಉಜ್ಜಿ ಹಾಳು ಮಾಡಿದ್ದಾರೆ. ಆ ಕೋವಿ ಬೇಡ. ಹಳೇ ಮಾರ್ಲಿನ್‌ಗಳಲ್ಲಿ ಟ್ರಿಗರ್ ಸಡಿಲವಾಗಿ ಲಟಪಟ ಅಲ್ಲಾಡುತ್ತೆ. ಅದು ವಿನ್ಯಾಸವೇ ಹಾಗೆ, ದೋಷವಲ್ಲ.

ಕೊನೆಗೆ ಡಮ್ಮಿ ತೋಟಾ ಐದು ತುಂಬಿ ಲಿವರ್ ಆಡಿಸಿ, ಒಮ್ಮೆ ನಿಧಾನಕ್ಕೆ, ಒಮ್ಮೆ ಜೋರಾಗಿ. ಇದು ಮುಖ್ಯ, ಯಾಕೆಂದರೆ ಮಾರ್ಲಿನ್‌ಗೆ ಹೆಸರುವಾಸಿ ಕಾಯಿಲೆಯೊಂದಿದೆ. ಪಿಸ್ತೂಲ್ ತೋಟಾದ 1894ರಲ್ಲಿ ಹೆಚ್ಚು, 336ರಲ್ಲೂ ಉಂಟು. ಲಿವರಿನ ಮೂಲೆಯ ಚೂಪು ಅಂಚು ಕ್ಯಾರಿಯರಿನ (ತೋಟಾವನ್ನು ಚೇಂಬರಿನ ಮಟ್ಟಕ್ಕೆ ಎತ್ತುವ ಭಾಗ) ತಳವನ್ನು ಕೆರೆಯುತ್ತಾ ಬರುತ್ತೆ. ಗುಳಿ ಬಿದ್ದಷ್ಟೂ ಕ್ಯಾರಿಯರ್ ಏಳೋದು ತಡ. ಆ ತಡದಲ್ಲಿ ಟ್ಯೂಬಿನಿಂದ ಬರುವ ಇನ್ನೊಂದು ತೋಟಾದ ಅಂಚು ಕ್ಯಾರಿಯರಿನ ಕೆಳಗೆ ನುಸುಳಿ ಲಿವರ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತೆ. ಬಲ ಹಾಕಿ ಎಳೆದರೆ ಇನ್ನೂ ಕೆಡುತ್ತೆ. ಪರಿಹಾರ: ಲಿವರಿನ ಆ ಅಂಚನ್ನು ನುಣುಪು ಕಲ್ಲಿನಿಂದ ಸ್ವಲ್ಪವೇ ಗುಂಡಗೆ ಮಾಡಬೇಕು, ಗುಳಿ ಬಿದ್ದ ಕ್ಯಾರಿಯರನ್ನು ಬದಲಿಸಬೇಕು. ಬರೀ ಕ್ಯಾರಿಯರ್ ಬದಲಿಸಿ ಅಂಚನ್ನು ಹಾಗೇ ಬಿಟ್ಟರೆ ಕಾಯಿಲೆ ವಾಪಸ್ ಬರುತ್ತೆ.

ಸ್ಕೋಪ್‌ಗೆ ಮಾರ್ಲಿನ್ ಹೇಳಿ ಮಾಡಿಸಿದ್ದು. ತಲೆ ಮುಚ್ಚಿದೆ, ಖಾಲಿ ತೋಟಾ ಪಕ್ಕಕ್ಕೆ ಹಾರುತ್ತೆ. ಹಳೇ 94ರಲ್ಲಿ ಮೇಲಕ್ಕೆ ಹಾರುತ್ತಿತ್ತು, 1980ರ ದಶಕದ ಆರಂಭದಲ್ಲಿ ಓರೆಗೆ ತಿರುಗಿಸಿದರು. ಯಾವುದಕ್ಕೇ ಸ್ಕೋಪ್ ಹಾಕಿದರೂ ಹ್ಯಾಮರಿಗೆ ಪಕ್ಕಕ್ಕೆ ಚಾಚುವ ಹಿಡಿ ಬೇಕು, ಇಲ್ಲದಿದ್ದರೆ ಹೆಬ್ಬೆರಳಿಗೆ ಜಾಗ ಸಾಲದೆ ಹ್ಯಾಮರ್ ಜಾರುತ್ತೆ. ಚೆಂದ ಕೇಳಿದರೆ, ಲಿವರ್ ಗನ್ನಿನ ಮೇಲೆ ಸ್ಕೋಪ್ ನನಗೆ ಕಣ್ಣಿಗೆ ಕಸ. 100 ಗಜಕ್ಕೆ ಪೀಪ್ ಸೈಟು (ಸಣ್ಣ ತೂತಿನ ಮೂಲಕ ನೋಡುವ ಹಿಂದಿನ ಸೈಟು) ಸಾಕು.

ಮಲೆನಾಡ ಮಾಣಿ

ಅಷ್ಟೊಂದು ದುಡ್ಡು ಯಾಕೆ ಮಾರಾಯ್ರೆ, ಬ್ರೆಜಿಲ್‌ನ ರೊಸಿ ಆರ್92 ನೋಡಿ ಒಮ್ಮೆ. .357ರಲ್ಲಿ ತಗೊಂಡರೆ .38 ಸ್ಪೆಷಲ್ ಕೂಡ ಹಾರಿಸಬಹುದು, ರೇಂಜಿಗೆ ಖರ್ಚು ಕಡಿಮೆ. ಒಳಗಿನ ವಿನ್ಯಾಸ ವಿಂಚೆಸ್ಟರ್ 1892ರದ್ದು, ಎಡಬಲ ಎರಡು ಲಾಕಿಂಗ್ ಬ್ಲಾಕ್, ಬಲ ಸಾಕಷ್ಟು. ಮರ ವಾಲ್‌ನಟ್ ಅಲ್ಲ, ಬಣ್ಣ ಬಳಿದ ಅಲ್ಲಿಯ ಗಟ್ಟಿಮರ. ಸ್ಪ್ರಿಂಗ್‌ಗಳು ವಿಪರೀತ ಬಿಗಿ. ಇಜೆಕ್ಟರ್ (ಖಾಲಿ ತೋಟಾ ಹೊರಗೆ ಎಸೆಯುವ ಭಾಗ) ಸ್ಪ್ರಿಂಗ್ ಮೆದುವಾದದ್ದು ಹಾಕಿ, ಪ್ಲಾಸ್ಟಿಕ್ ಫಾಲೋವರ್ ಬದಲು ಲೋಹದ್ದು ಹಾಕಿ, ಲೋಡಿಂಗ್ ಗೇಟಿನ ಅಂಚು ಪಾಲಿಶ್ ಮಾಡಿ, ಬೇರೆಯದೇ ಕೋವಿ ಆಗ್ತದೆ. ಇದ್ದ ಸ್ಪ್ರಿಂಗನ್ನೇ ಕತ್ತರಿಸೋಕೆ ಹೋಗಬೇಡಿ, ಒಂದು ಸುತ್ತು ಹೆಚ್ಚು ಕತ್ತರಿಸಿದರೆ ಖಾಲಿ ತೋಟಾ ಹೊರಗೆ ಹಾರೋದೇ ಇಲ್ಲ.

.38 ಬಹಳ ಹೊಡೆದ ಮೇಲೆ ಚೇಂಬರಿನಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ತೆಗೆಯದೆ ಉದ್ದದ .357 ಹಾಕಿದರೆ ಸಿಕ್ಕಿಕೊಳ್ತದೆ.

ಲೇತ್ ಮಿಷಿನ್

ರೊಸಿ ಒಳ್ಳೆಯದೇ, ಆದರೆ ಪ್ರಶ್ನೆ ಕೇಳಿದವರದು ಮೊದಲ ರೈಫಲ್. ಬಿಚ್ಚಿ ಸ್ಪ್ರಿಂಗ್ ಬದಲಿಸಿದ ಮೇಲಷ್ಟೇ ನಯವಾಗುವ ಕೋವಿಯನ್ನು ಅವರ ಕೈಗೆ ಕೊಡೋದು ಬೇಡ. ಹಂದಿಗೂ .30-30ಯೇ ಸರಿ.

ಚೆಂದವೇ ಮೊದಲು ಅನ್ನೋರಿಗೆ ಇಟಲಿಯ ಉಬೆರ್ಟಿ 1873 ಇದೆ. ರಿಸೀವರ್ ಮೇಲೆ ನೀಲಿ, ಕಂದು, ಬೂದು ಬಣ್ಣಗಳ ಕೇಸ್ ಹಾರ್ಡನಿಂಗ್ (ಲೋಹದ ಮೇಲ್ಪದರವನ್ನು ಗಟ್ಟಿ ಮಾಡುವ ಕ್ರಮ). ಆ ಬಣ್ಣ ಮೇಲ್ಮೈಯದು ಮಾತ್ರ, ಬಿಸಿಲು ಮತ್ತು ಕೈಯುಜ್ಜಿಗೆ ಮಾಸುತ್ತೆ. ಅದರ ಟಾಗಲ್ ಬೀಗ 1892ರಷ್ಟು ಗಟ್ಟಿಯಲ್ಲ, ಮನೆಯಲ್ಲಿ ಮದ್ದು ಹೆಚ್ಚಿಸಿ ತುಂಬಿದ ತೋಟಾ ಅದಕ್ಕೆ ಬೇಡವೇ ಬೇಡ.

ಸ್ಕ್ರೂಡ್ರೈವರ್

ತೋಟಾ ಬಗ್ಗೆ ಯಾರೂ ಹೇಳಿಲ್ಲ. ಟ್ಯೂಬಿನಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರಿಗೆ (ಮದ್ದಿಗೆ ಕಿಡಿ ಹೊತ್ತಿಸುವ ಹಿಂಬದಿಯ ಗುಂಡಿ) ಆತುಕೊಂಡಿರುತ್ತೆ. ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಒದೆತಕ್ಕೆ ಟ್ಯೂಬಿನೊಳಗೇ ಸಿಡಿಯಬಹುದು. .30-30ಗೆ ಚಪ್ಪಟೆ ಮೂತಿಯ 150 ಅಥವಾ 170 ಗ್ರೇನ್ (ಗುಂಡಿನ ತೂಕದ ಅಳತೆ) ತಗೊಳ್ಳಿ. ಚೂಪು ಬೇಕೇ ಬೇಕು ಅಂದರೆ ಮೆದು ಪ್ಲಾಸ್ಟಿಕ್ ತುದಿಯ ಹಾರ್ನಡಿ ಲಿವರೆವೊಲ್ಯೂಷನ್ ಮಾತ್ರ.

ಮಾರ್ಲಿನ್ ಶುಚಿ ಮಾಡೋದು ಸುಲಭ. ಲಿವರ್ ಸ್ವಲ್ಪ ತೆರೆದು ಅದರ ಪಿವಟ್ ಸ್ಕ್ರೂ ಒಂದನ್ನು ಬಿಚ್ಚಿದರೆ ಲಿವರ್ ಬರುತ್ತೆ, ಚೇಂಬರ್ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಎಳೆಯಬಹುದು, ಒಳಗೋಡೆಯ ಇಜೆಕ್ಟರ್ ತಾನೇ ಕಳಚಿ ಬೀಳುತ್ತೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ವಾಪಸ್ ಜೋಡಿಸುವಾಗ ಮೊದಲು ಇಜೆಕ್ಟರಿನ ಮೊಳೆ ಅದರ ತೂತಿಗೆ ಕೂರಲಿ, ಆಮೇಲೆ ಬೋಲ್ಟ್. ಹೀಗೆ ನಳಿಗೆಯ ಹಿಂದಿನಿಂದಲೇ ಶುಚಿ ಮಾಡುವ ರಾಡ್ ಹಾಕಬಹುದು. 94 ಅಷ್ಟು ಸುಲಭಕ್ಕೆ ಬಿಚ್ಚಲ್ಲ. ಅದಕ್ಕೆ ನಳಿಗೆ ಬಾಯಿಂದ ರಾಡ್ ಹಾಕಬೇಕು, ಹಾಗಾಗಿ ಮಜಲ್ ಗೈಡ್ (ರಾಡ್ ನಳಿಗೆ ಬಾಯಿಗೆ ಉಜ್ಜದಂತೆ ತಡೆಯುವ ಕೊಳವೆ) ಕಡ್ಡಾಯ. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತೆ.

ಕೊಡಗಿನ ಕೋವಿ

ಕಾನೂನಿನ ಎರಡು ಮಾತು, ಇದನ್ನು ಓದುವ ಉಳಿದವರಿಗೂ ಬೇಕಾದದ್ದು. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಲ್ಲಿ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಕೋವಿ ಇಟ್ಟುಕೊಳ್ಳೋದೇ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ, ವೀಸಾಕ್ಕೇ ಸಂಚಕಾರ. ಊರಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ ಇಲ್ಲಿ ಲೆಕ್ಕಕ್ಕಿಲ್ಲ.

ರೇಂಜಿಗೆ ಒಯ್ಯುವ ಬ್ಯಾಗು ಬೇರೆಯೇ ಇರಲಿ, ಊರಿಗೆ ಹೋಗುವಾಗ ಅದನ್ನು ಬಳಸಲೇಬೇಡಿ. ಪಕ್ಕದ ಜೇಬಿನಲ್ಲಿ ಮರೆತುಹೋದ ಒಂದೇ ಒಂದು ತೋಟಾ ಸಿಕ್ಕಿದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆರ್ಮ್ಸ್ ಆ್ಯಕ್ಟ್ ಕೆಳಗೆ ಕೇಸು ಬೀಳಬಹುದು. ಜೇಬುಗಳನ್ನು ಒಳಮಗ್ಗುಲು ಮಾಡಿ ಕೊಡವಿ ನೋಡೋದು ಲೇಸು.

ಡಲ್ಲಾಸ್ ಕಡೆಯವ

ಸರಿ ಸರ್. ಶನಿವಾರ ಐದು ಡಮ್ಮಿ ತೋಟಾ, ಟಾರ್ಚು, ವಿಸಿಟಿಂಗ್ ಕಾರ್ಡ್ ಹಿಡಿದು ಹೋಗುತ್ತೇನೆ. ಜೆಎಂನ ಟ್ಯಾಂಗ್, ಕ್ಯಾರಿಯರ್ ಚೆನ್ನಾಗಿದ್ದರೆ ಅದು, ಇಲ್ಲದಿದ್ದರೆ ಹೊಸ 336.