ಎಂ.ಎನ್.ಎಸ್. ಶಾರ್ಟ್ ಸರ್ವಿಸ್ ಮುಗಿಯೋ ಹೊತ್ತಿಗೆ ಎಂ.ಎಸ್ಸಿ. ನರ್ಸಿಂಗ್, ಐಸಿಯು ಬಿಟ್ಟು ಸೈಕಿಯಾಟ್ರಿ ತಗೊಳ್ಳಬಹುದಾ?

ಮಡಿಕೇರಿ_ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಶಾರ್ಟ್ ಸರ್ವಿಸ್ ಕಮಿಷನ್ ಮೇಲೆ ಇದೀನಿ, ಈಗ ಕ್ಯಾಪ್ಟನ್. ಬಿ.ಎಸ್ಸಿ. ಮಾಡಿದ್ದು ಮೈಸೂರಲ್ಲಿ ಒಂದು ಸಿವಿಲ್ ಕಾಲೇಜಲ್ಲಿ, ರಾಜೀವ್ ಗಾಂಧಿ ಯೂನಿವರ್ಸಿಟಿ, ಅಗ್ರಿಗೇಟ್ 58 ಪರ್ಸೆಂಟ್. ಮೊದಲ ಐದು ವರ್ಷದ ಟರ್ಮ್ ಮುಂದಿನ ವರ್ಷ ಮುಗಿಯುತ್ತೆ, ಎಕ್ಸ್‌ಟೆನ್ಷನ್ ತಗೊಳ್ಳೋದಾ ಅಥವಾ ಹೊರಗೆ ಬಂದು ಎಂ.ಎಸ್ಸಿ. ನರ್ಸಿಂಗ್ ಸೇರೋದಾ ಅಂತ ತಲೆ ಓಡ್ತಾ ಇದೆ. ಜಾಸ್ತಿ ಕೆಲಸ ಮಾಡಿರೋದು ಐಸಿಯುನಲ್ಲಿ, ಅದಕ್ಕೇ ಎಲ್ಲರೂ ಕ್ರಿಟಿಕಲ್ ಕೇರ್ ತಗೋ ಅಂತಾರೆ, ಆದ್ರೆ ನಡುವೆ ಸೈಕಿಯಾಟ್ರಿ ವಾರ್ಡಿಗೆ ಹಾಕಿದ್ರು, ಅಲ್ಲಿ ನೋಡಿದ ಹುಡುಗರು ಮನಸ್ಸಿಂದ ಹೋಗ್ತಾನೇ ಇಲ್ಲ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಜವಾನರು, ನಿದ್ದೆ ಬರಲ್ಲ ಸಿಸ್ಟರ್ ಅಂತ ಮಾತ್ರ ಹೇಳ್ತಾರೆ, ಮಿಕ್ಕಿದ್ದು ಹೇಳೋಕೆ ಭಯ. ನಂಗೆ ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ನರ್ಸಿಂಗ್ ಓದ್ಬೇಕು ಅಂತ ಆಸೆ. ಐಸಿಯು ಅನುಭವ ಅಲ್ಲಿ ವೇಸ್ಟ್ ಆಗುತ್ತಾ? ಸರ್ವಿಸ್‌ನಲ್ಲಿ ಇದ್ದುಕೊಂಡೇ ಅಪ್ಲೈ ಮಾಡೋಕೆ ಏನೇನು ಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಪಾಠದ_ಅಕ್ಕ:
ತಂಗಿ, ನಾ ಧಾರವಾಡದಾಕಿ, ನರ್ಸಿಂಗ್ ಕಾಲೇಜಿನ್ಯಾಗ ಪಾಠ ಮಾಡ್ತೀನಿ, ಅಡ್ಮಿಷನ್ ಕಾಗದ ಪತ್ರ ನೋಡೂ ಕೆಲಸಾನೂ ನಂದs. ಮೊದಲ ನಿನ್ನ ಮಾರ್ಕ್ಸ್ ಬಗ್ಗೆ ಹೇಳ್ತೀನಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಎಂ.ಎಸ್ಸಿ.ಗೆ ಬಿ.ಎಸ್ಸಿ. ಒಳಗ 55 ಪರ್ಸೆಂಟ್ ಇರಬೇಕು, ಬಿ.ಎಸ್ಸಿ. ಮುಗಿದ ಮ್ಯಾಲೆ ಒಂದು ವರ್ಷ ಕೆಲಸ ಮಾಡಿರಬೇಕು, ರಿಜಿಸ್ಟ್ರೇಷನ್ ಚಾಲ್ತಿ ಇರಬೇಕು. ಅಲ್ಲಿಗೆ ನೀ ಪಾಸ್. ಆದ್ರ ದಿಲ್ಲಿ ಏಮ್ಸ್‌ಗೆ 60 ಕೇಳ್ತಾರ, ಜನರಲ್ ಕೆಟಗರಿ ಆದ್ರ ಅದನ್ನ ಲಿಸ್ಟಿನಿಂದ ತಗದ ಬಿಡು, ಫೀಸು ಕಟ್ಟಿ ಸುಮ್ನ ಕಾಯಬ್ಯಾಡ.

ರಿಜಿಸ್ಟ್ರೇಷನ್ ವಿಷಯಾನ ಭಾಳ ಮಂದಿ ಕಡೀಗೆ ಇಟ್ಕೋತಾರ. ನಿಂದು ಕರ್ನಾಟಕ ಕೌನ್ಸಿಲ್ ಒಳಗ ಆಗಿರತೈತಿ, ಓದೂದು ಬೆಂಗಳೂರಾಗ ಆದ್ರ ಅಷ್ಟು ತ್ರಾಸಿಲ್ಲ, ರಿನ್ಯೂವಲ್ ಆಗೇತೇನು ನೋಡ್ಕೋ ಸಾಕು, ಆದ್ರ ಪುಣೆ ಚಂಡೀಗಢ ಅಂತ ಬ್ಯಾರೆ ರಾಜ್ಯಕ್ಕ ಹೋದ್ರ ಆ ರಾಜ್ಯದ ಕೌನ್ಸಿಲ್‌ನ್ಯಾಗ ರೆಸಿಪ್ರೋಕಲ್ ರಿಜಿಸ್ಟ್ರೇಷನ್, ಅಂದ್ರ ಇಲ್ಲಿನ ರಿಜಿಸ್ಟ್ರೇಷನ್ ಮ್ಯಾಲೆ ಅಲ್ಲೂ ಹೆಸರು ಹಚ್ಚೂದು, ಮಾಡಿಸ್ಬೇಕು, ಇಲ್ಲಿಂದ ಅಲ್ಲಿಗೆ ಕಾಗದ ಹೋಗಿ ಬರೂದ್ರಾಗ ತಿಂಗಳುಗಟ್ಟಲೆ ಹಿಡೀತೈತಿ. ಎನ್‌ಆರ್‌ಟಿಎಸ್, ಅಂದ್ರ ದೇಶದ ನರ್ಸ್‌ಗಳ ಆನ್‌ಲೈನ್ ರಿಜಿಸ್ಟರ್ ಒಳಗ ನಿನ್ನ ಎನ್‌ಯುಐಡಿ (ನರ್ಸ್‌ಗೆ ಕೊಡೂ ಗುರುತಿನ) ನಂಬರ್ ಐತೇನು ಅದನ್ನೂ ನೋಡು, ಹೆಸರಿನ ಸ್ಪೆಲ್ಲಿಂಗ್ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಷನ್, ಸರ್ವಿಸ್ ರೆಕಾರ್ಡ್ ಮೂರೂ ಕಡೆ ಒಂದs ಇರಬೇಕು. ಕೊಡಗಿನವರಿಗೆ ಮನೆತನದ ಹೆಸರು ಒಂದ್ ಕಡೆ ಇರತೈತಿ, ಇನ್ನೊಂದ್ ಕಡೆ ಇರಂಗಿಲ್ಲ, ಅದಕ್ಕs ಹೇಳಿದೆ.

ಇನ್ನೊಂದು ಮಾತು, ಮುಂದ ಪಾಠ ಮಾಡೂ ಆಸೆ ಇದ್ರ ತಿಳ್ಕೊಂಡಿರು. ಅಸಿಸ್ಟೆಂಟ್ ಪ್ರೊಫೆಸರ್ ಆಗಾಕ ಎಂ.ಎಸ್ಸಿ. ಜತಿಗೆ ಮೂರು ವರ್ಷ ಪಾಠ ಮಾಡಿದ ಅನುಭವ ಕೇಳ್ತಾರ. ನೀ ವಾರ್ಡಿನ್ಯಾಗ ಎಷ್ಟs ದುಡದಿದ್ರೂ ಅದನ್ನ ಟೀಚಿಂಗ್ ಅಂತ ಲೆಕ್ಕ ಹಿಡಿಯಂಗಿಲ್ಲ, ಟ್ಯೂಟರ್ ಆಗೇ ಶುರು ಮಾಡ್ಬೇಕಾಗತೈತಿ. ನಂಗಂತೂ ಇದು ಸರಿ ಅನಸಂಗಿಲ್ಲ, ಯುದ್ಧದ ಗಾಯ ನೋಡಿದ ನರ್ಸ್ ಮಕ್ಕಳಿಗೆ ಕಲಿಸೂದನ್ನ ಪುಸ್ತಕ ಮಾತ್ರ ಓದಿದೋರು ಕಲಸಾಕ ಆಗಂಗಿಲ್ಲ. ಆದ್ರ ಸದ್ಯಕ್ಕ ನಿಯಮ ಹಂಗೈತಿ.

ಹಳೇ_ಮೇಜರ್:
ನಾನೂ ಎಂ.ಎನ್.ಎಸ್.ನಲ್ಲಿದ್ದು ಹೊರಗೆ ಬಂದವಳು. ಮೊದಲಿಗೆ ಒಂದು ವಿಷಯ, ಯಾವ ಯೂನಿಟ್ ಯಾವ ಊರು ಅಂತ ಇಲ್ಲಿ ಬರೆದಿಲ್ಲ ನೀನು, ಹಾಗೇ ಇರಲಿ, ಯಾರಾದ್ರೂ ಕೇಳಿದ್ರೂ ಹೇಳ್ಬೇಡ.

ಈಗ ಮುಖ್ಯ ಮಾತಿಗೆ ಬರ್ತೀನಿ. ಐದು ವರ್ಷ ಆದಮೇಲೆ ಇನ್ನೈದು, ಆಮೇಲೆ ನಾಲ್ಕು, ಒಟ್ಟು 14 ವರ್ಷದ ತನಕ ಶಾರ್ಟ್ ಸರ್ವಿಸ್ ಎಳೀಬಹುದು, ಆದ್ರೆ ಪೆನ್ಷನ್‌ಗೆ 20 ವರ್ಷ ಬೇಕು ಅನ್ನೋದು ನಿಂಗೆ ಗೊತ್ತಿರುತ್ತೆ. ಹಾಗಾಗಿ ಪರ್ಮನೆಂಟ್ ಕಮಿಷನ್ ಮನಸ್ಸಿದ್ಯಾ ಇಲ್ವಾ ಅನ್ನೋದನ್ನ ಫಸ್ಟು ತೀರ್ಮಾನ ಮಾಡ್ಕೋ. ಪರ್ಮನೆಂಟ್ ಆಗ್ಬೇಕು ಅನ್ನೋ ಮನಸ್ಸಿದ್ರೆ ಎಂ.ಎಸ್ಸಿ.ಗೋಸ್ಕರ ಯೂನಿಫಾರ್ಮ್ ಬಿಚ್ಚೋ ಅವಸರ ಬೇಡ, ಪುಣೆ ಎ.ಎಫ್.ಎಂ.ಸಿ. (ಸೇನೆಯ ಮೆಡಿಕಲ್ ಕಾಲೇಜು) ನರ್ಸಿಂಗ್ ಕಾಲೇಜಲ್ಲೂ ಎಂ.ಎಸ್ಸಿ. ಇದೆ, ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿವಿ ಕೆಳಗೆ. ಆ ದಾರಿ ಬಗ್ಗೆ ನಿಮ್ಮ ಪ್ರಿನ್ಸಿಪಲ್ ಮೇಟ್ರನ್ ಹತ್ರ ಕೂತು ಮಾತಾಡು, ಕಾರಿಡಾರಲ್ಲಿ ನಿಂತು ಕೇಳ್ಬೇಡ, ಟೈಮ್ ತಗೊಂಡು ಹೋಗು.

ಹೊರಗೇ ಬರೋದು ಅಂತ ಆದ್ರೆ ರಿಲೀಸ್ ಡೇಟು ಮತ್ತೆ ಕಾಲೇಜು ಶುರುವಾಗೋ ಡೇಟು ಎರಡನ್ನೂ ಒಂದೇ ಹಾಳೇಲಿ ಬರ್ಕೋ. ಎಕ್ಸ್‌ಟೆನ್ಷನ್ ಬೇಕಾ ಬೇಡ್ವಾ ಅಂತ ಟರ್ಮ್ ಮುಗಿಯೋಕೆ ಎಷ್ಟೋ ಮುಂಚೆನೇ ಬರವಣಿಗೆಯಲ್ಲಿ ಕೇಳ್ತಾರೆ, ಎಂಟ್ರೆನ್ಸ್ ರಿಸಲ್ಟ್ ಬರೋ ತನಕ ಅದು ಕಾಯಲ್ಲ. ಇಲ್ಲೇ ಜನ ಸಿಕ್ಕಿಹಾಕೊಳ್ಳೋದು, ಸೀಟು ಸಿಕ್ಕಿರುತ್ತೆ ರಿಲೀಸ್ ಆಗಿರಲ್ಲ, ಇಲ್ಲಾಂದ್ರೆ ರಿಲೀಸ್ ಆಗಿರುತ್ತೆ ಸೀಟಿಲ್ಲ, ಸಂಬಳನೂ ಇಲ್ಲ. ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ) 10,800 ಸೇರಿ ಬರ್ತಿದ್ದ ದುಡ್ಡು ನಿಂತ್ಮೇಲೆ ಎರಡು ವರ್ಷ ಓದ್ಬೇಕು, ಅದಕ್ಕೆ ಈಗಿಂದಾನೇ ಬೇರೆ ಅಕೌಂಟಲ್ಲಿ ಎತ್ತಿಡು. ಸರ್ವಿಸ್‌ನಲ್ಲಿರೋವಾಗ ಹೊರಗಿನ ಕೋರ್ಸಿಗೆ ಅಪ್ಲೈ ಮಾಡೋಕೂ ಅನುಮತಿ ಬೇಕು, ಎನ್‌ಒಸಿ ಪ್ರಾಪರ್ ಚಾನೆಲ್‌ನಲ್ಲೇ ಹೋಗ್ಬೇಕು, ಹೋಗಿ ಬರೋಕೆ ಟೈಮ್ ಆಗುತ್ತೆ, ಅರ್ಜಿ ಕರೆಯೋ ತನಕ ಕಾಯ್ಬೇಡ.

ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಬಗ್ಗೆನೂ ಹೇಳ್ಬಿಡ್ತೀನಿ. ಬರೀ ಇಂತಾ ತಾರೀಖಿಂದ ಇಂತಾ ತಾರೀಖಿನ ತನಕ ನರ್ಸಿಂಗ್ ಆಫೀಸರ್ ಅಂತ ಬರೆಸ್ಕೊಂಡ್ರೆ ಸಿವಿಲ್ ಕಾಲೇಜಿನವರಿಗೆ ಏನೂ ಅರ್ಥ ಆಗಲ್ಲ. ಐಸಿಯು ಎಷ್ಟು ಬೆಡ್, ವೆಂಟಿಲೇಟರ್ ಪೇಷೆಂಟ್ ನೋಡಿದ್ದು, ಸೈಕಿಯಾಟ್ರಿ ವಾರ್ಡಲ್ಲಿ ಎಷ್ಟು ತಿಂಗಳು, ಹೊಸಬರಿಗೆ ಕ್ಲಾಸ್ ತಗೊಂಡಿದ್ರೆ ಅದು, ಇದನ್ನೆಲ್ಲ ಏರಿಯಾ ಪ್ರಕಾರ ಬರೆಸ್ಕೋ. ಪೋಸ್ಟಿಂಗ್ ಬದಲಾಗಿ ಸಹಿ ಹಾಕೋರು ಬೇರೆ ಊರಿಗೆ ಹೋದ್ಮೇಲೆ ಹಿಂದೆ ಬೀಳೋದು ತುಂಬಾ ಕಷ್ಟ, ಒಂದೊಂದು ಆಸ್ಪತ್ರೆ ಬಿಡೋವಾಗ್ಲೇ ತಗೊಂಡುಬಿಡ್ಬೇಕು.

ನಿಶ್ಶಬ್ದ_ವಾರ್ಡ್:
ನಾನು ಸೈಕಿಯಾಟ್ರಿಕ್ ನರ್ಸಿಂಗ್‌ನಲ್ಲೇ ಎಂ.ಎಸ್ಸಿ. ಮಾಡಿರೋದು, ನಿಮ್ಮ ಪೋಸ್ಟ್ ಓದಿ ಉತ್ತರ ಬರೀದೆ ಇರೋಕಾಗ್ಲಿಲ್ಲ. ಐಸಿಯು ಅನುಭವ ವೇಸ್ಟ್ ಅಂತ ಯಾರು ಹೇಳಿದ್ರು? ಮೈ ಕಾಯಿಲೆಯಿಂದ ಬರೋ ಗೊಂದಲ, ಅಂದ್ರೆ ಡೆಲಿರಿಯಮ್ ಯಾವ್ದು, ಮನಸ್ಸಿನ ಕಾಯಿಲೆ ಸೈಕೋಸಿಸ್ ಯಾವ್ದು, ಕುಡಿಯೋದು ಬಿಟ್ಟ ಎರಡನೇ ಮೂರನೇ ದಿನ ಕೈ ನಡುಗಿ ಏನೇನೋ ಕಾಣೋಕೆ ಶುರುವಾದಾಗ ಜೀವಕ್ಕೆ ಎಷ್ಟು ಅಪಾಯ, ಲಿಥಿಯಂ ಮಾತ್ರೆ ಮೈಯಲ್ಲಿ ಜಾಸ್ತಿಯಾದ್ರೆ ಏನಾಗುತ್ತೆ, ಇದೆಲ್ಲ ಬೇಗ ಗುರುತು ಹಿಡಿಯೋದು ಮೈಯನ್ನೂ ಓದೋಕೆ ಬರೋ ನರ್ಸೇ. ನಮ್ಮ ಫೀಲ್ಡಲ್ಲಿ ಅಂಥೋರು ಕಮ್ಮಿ.

ಮತ್ತೆ ನೀವು ಹೇಳಿದ ಭಯ ಇದ್ಯಲ್ಲ, ಅದೇ ನಿಮ್ಮ ಥೀಸಿಸ್. ಸೇನೆಯಲ್ಲಿ ಶೇಪ್ ಅಂತ ಮೆಡಿಕಲ್ ಕೆಟಗರಿ, ಅದ್ರಲ್ಲಿ ಮೊದಲ ಅಕ್ಷರ ಎಸ್ ಅಂದ್ರೇನೇ ಮನಸ್ಸಿನ ಆರೋಗ್ಯ. ಅದು ಇಳಿದ್ರೆ ಪ್ರಮೋಷನ್ ಏನಾಗುತ್ತೋ, ಪೋಸ್ಟಿಂಗ್ ಏನಾಗುತ್ತೋ, ಊರಲ್ಲಿ ಏನಂತಾರೋ ಅಂತ ಹುಡುಗ ಬಾಯಿ ಬಿಡಲ್ಲ, ನಿದ್ದೆ ಬರಲ್ಲ ಅಂತ ಅಷ್ಟೇ ಹೇಳ್ತಾನೆ. ಎಂ.ಎಸ್ಸಿ.ನಲ್ಲಿ ಎರಡನೇ ವರ್ಷ ಡಿಸರ್ಟೇಷನ್ ಇರುತ್ತೆ, ಈ ಪ್ರಶ್ನೆನ ಒಳಗಿಂದ ನೋಡಿರೋ ನರ್ಸ್ ತಗೊಂಡು ಬಂದ್ರೆ ಅದಕ್ಕೆ ತೂಕ ಬೇರೆನೇ. 2023ರ ಡಿಸೆಂಬರ್‌ನಲ್ಲಿ ಎ.ಎಫ್.ಎಂ.ಸಿ.ಯಲ್ಲಿ ಸೇನೆಯವರಿಗೆ ಅಂತಲೇ ಟೆಲಿ ಮಾನಸ್ ಸೆಲ್ ಶುರು ಮಾಡಿದ್ರು, ಮಾನಸಿಕ ಆರೋಗ್ಯದ ಸಹಾಯವಾಣಿ 14416 ಇದ್ಯಲ್ಲ ಅದೇ ಯೋಜನೆ, ಅದಕ್ಕೆ ಮೇಲಿನ ಸಂಸ್ಥೆ ನಮ್ಮ ನಿಮ್ಹಾನ್ಸೇ. ಅಂದ್ರೆ ಸೇನೆ ಮತ್ತೆ ಮಾನಸಿಕ ಆರೋಗ್ಯ ಎರಡೂ ಗೊತ್ತಿರೋ ನರ್ಸ್‌ಗಳು ಬೇಕು ಅನ್ನೋದು ಈಗ ಮೇಲಿನವರಿಗೂ ಗೊತ್ತು. ನೀವು ಈ ಕಡೆ ಬನ್ನಿ ಅಂತ ಮನಸ್ಸಿಟ್ಟು ಹೇಳ್ತೀನಿ.

ಎಂಟ್ರೆನ್ಸ್‌ಗೆ ಓದೋದು ಅಂದ್ರೆ ಸೈಕಿಯಾಟ್ರಿ ಮಾತ್ರ ಓದ್ಬೇಡಿ, ಫೌಂಡೇಶನ್, ಕಮ್ಯುನಿಟಿ, ಒಬಿಜಿ (ಹೆರಿಗೆ, ಸ್ತ್ರೀರೋಗ), ರಿಸರ್ಚ್ ಎಲ್ಲ ಬಿ.ಎಸ್ಸಿ. ಸಿಲೆಬಸ್ಸೂ ಬರುತ್ತೆ. ಮಿಲಿಟರಿ ಆಸ್ಪತ್ರೆಯಲ್ಲಿ ಇದ್ದೋರಿಗೆ ಕಮ್ಯುನಿಟಿ ಹೆಲ್ತ್ ಮರೆತೇ ಹೋಗಿರುತ್ತೆ, ಅದನ್ನೇ ಮೊದ್ಲು ಹಿಡೀರಿ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಚೆನ್ನಾಗಿ ಓದ್ಕೊಳ್ಳಿ, ಅದ್ರಲ್ಲೂ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನ ಮಾಡಿದೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ಕಾನೂನು ನೋಡ್ಬೇಕು ಅನ್ನೋದು.

ಹೂಸ್ಟನ್_ಹಾಸನ:
ಎಂ.ಎಸ್ಸಿ. ಯಾಕೆ, ಡೈರೆಕ್ಟ್ ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಬರ್ದು ಇಲ್ಲಿ ಅಮೆರಿಕಕ್ಕೆ ಬನ್ನಿ ಅಂತ ನಾನು ಹೇಳಬಹುದು, ಸೆಂಟರ್ ಬೆಂಗಳೂರಲ್ಲೇ ಇದೆ, ಬಿ.ಎಸ್ಸಿ. ಸಾಕು. ಆದ್ರೆ ನಿಮ್ಮ ಪ್ರಶ್ನೆ ಅದಲ್ಲ ಅಂತ ಅರ್ಥ ಆಯ್ತು. ಮುಂದೆ ಯಾವಾಗಾದ್ರೂ ಮನಸ್ಸು ಬದಲಾದ್ರೆ ಅಂತ ಒಂದೇ ಮಾತು, ಟ್ರಾನ್ಸ್‌ಕ್ರಿಪ್ಟ್‌ನ ಕಾಲೇಜಿಂದಾನೇ ನೇರ ಕಳಿಸಬೇಕಾಗುತ್ತೆ, ಥಿಯರಿ ಎಷ್ಟು ಗಂಟೆ ಕ್ಲಿನಿಕಲ್ ಎಷ್ಟು ಗಂಟೆ ಅಂತ ಬೇರೆ ಬೇರೆ ಇರ್ಬೇಕು. ಎಂ.ಎಸ್ಸಿ.ಗೆ ಕಾಗದ ಮಾಡಿಸೋವಾಗ ಅದನ್ನೂ ಒಂದು ಸೆಟ್ ಮಾಡಿಸಿ ಇಟ್ಕೊಳ್ಳಿ.

ಮಡಿಕೇರಿ_ಸಿಸ್ಟರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ ಇಷ್ಟು ವಿವರವಾಗಿ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಅಕ್ಕ, ನೀವು ಹೇಳಿದ ಹಾಗೆ ಹತ್ತನೇ ಕ್ಲಾಸಲ್ಲಿ ಮನೆತನದ ಹೆಸರು ಇದೆ, ರಿಜಿಸ್ಟ್ರೇಷನ್‌ನಲ್ಲಿ ಬರೀ ಇನಿಷಿಯಲ್ ಇದೆ. ಇದಕ್ಕೆ ಅಫಿಡವಿಟ್ ಸಾಕಾಗುತ್ತಾ? ಮೇಟ್ರನ್ ಮೇಡಂ ಹತ್ರ ಈ ವಾರ ಟೈಮ್ ಕೇಳಿದೀನಿ. ಸೈಕಿಯಾಟ್ರಿನೇ ತಗೊಳ್ಳೋದು, ಅದಂತೂ ಗಟ್ಟಿ ಮಾಡ್ಕೊಂಡೆ.

ಪಾಠದ_ಅಕ್ಕ:
ಅಫಿಡವಿಟ್ ಮಾಡ್ಸಿ ಕೈಯಾಗ ಇಟ್ಕೋ, ಆದ್ರ ಅದರ ಮ್ಯಾಲೆ ಪೂರ್ತಿ ನಂಬಿ ಕೂಡಬ್ಯಾಡ. ಕೌನ್ಸಿಲ್ಲಿಗೆ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್ ಹಚ್ಚಿ ಹೆಸರು ತಿದ್ದುಪಡಿಗೆ ಅರ್ಜಿ ಹಾಕು, ರಿನ್ಯೂವಲ್ ಜತಿಗೇ ಹಾಕಿದ್ರ ಎರಡು ಸಲ ಓಡಾಡೂದು ತಪ್ಪತೈತಿ. ರಜಾದಾಗ ಊರಿಗೆ ಬಂದಾಗ ಬೆಂಗಳೂರಾಗ ಇಳಿದು ಖುದ್ದು ಹೋಗು, ಒರಿಜಿನಲ್ ಎಲ್ಲಾ ತಗೊಂಡು.