ಮಗಳಿಗೆ 20ನೇ ಶತಮಾನದ ಇತಿಹಾಸ ಹೇಗೆ ಹೇಳಿಕೊಡಲಿ? ಅನುಭವ ಹಂಚಿಕೊಳ್ಳಿ

ಕೇಳಿದವರು, ಪಿಯುಸಿ ವಿದ್ಯಾರ್ಥಿನಿಯ ತಾಯಿ:
ಅಮೆರಿಕ ಮತ್ತು ಜಗತ್ತಿನ ಇತಿಹಾಸದ ದೊಡ್ಡ ತಿರುವುಗಳನ್ನು ಮಗಳು ಉರು ಹೊಡೆಯುತ್ತಾಳೆ, ವಾರ ಕಳೆದರೆ ಮರೆಯುತ್ತಾಳೆ. 1929, 1933, 1962, 1965 ಎಲ್ಲ ಕಲಸಿಹೋಗುತ್ತವೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಹೈಸ್ಕೂಲಿನ ನಿವೃತ್ತ ಮೇಷ್ಟ್ರು:
ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ ಮೇಡಂ. ನಾನು 1929ರ ಮೇಲೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಆ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಏಟು ಬರ್ಲಿನ್‌ಗೆ ಹೇಗೆ ಬಿತ್ತು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಮೊದಲ ಮಹಾಯುದ್ಧದ ಪರಿಹಾರ ಕಟ್ಟಬೇಕಿದ್ದ ಜರ್ಮನಿ ಅಮೆರಿಕದ ಸಾಲ ನಂಬಿಕೊಂಡಿತ್ತು. ಕೊಟ್ಟವರು ಹಣ ವಾಪಸ್ ಕೇಳತೊಡಗಿದರು. 1930ರಲ್ಲಿ ಅಮೆರಿಕ ಆಮದು ಸುಂಕ ಏರಿಸಿತು, ಬೇರೆ ದೇಶಗಳೂ ಏರಿಸಿದವು, ವ್ಯಾಪಾರ ಬತ್ತಿತು. 1932ರ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 60 ಲಕ್ಷ ಜನರಿಗೆ ಕೆಲಸವಿರಲಿಲ್ಲ. ಈಗ ಅಲ್ಲಿನ ಸಂಸತ್ತಿನಲ್ಲಿ ಹಿಟ್ಲರನ ನಾಜಿ ಪಕ್ಷದ ಸ್ಥಾನ ನೋಡಿ: 1928ರಲ್ಲಿ 12, 1930ರಲ್ಲಿ 107, 1932ರ ಜುಲೈನಲ್ಲಿ 230. ಈ ಮೂರು ಅಂಕಿ ಬೋರ್ಡಿನ ಮೇಲೆ ಬರೆದ ಮೇಲೆ ಯಾವ ಹುಡುಗನೂ ಮರೆತಿಲ್ಲ.

1933ರ ಜನವರಿ 30ಕ್ಕೆ ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ ಆದ. ಮಾರ್ಚ್ 4ಕ್ಕೆ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷರಾದರು. ಅಮೆರಿಕದಲ್ಲೂ ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ನಿರುದ್ಯೋಗಿ. ಜರ್ಮನಿಯಲ್ಲಿ ಪ್ರಜಾಪ್ರಭುತ್ವವನ್ನೇ ಮುಗಿಸಿದರು. ಅಮೆರಿಕದಲ್ಲಿ ಬ್ಯಾಂಕ್ ಠೇವಣಿಗೆ ವಿಮೆ ಬಂತು, 1935ರಲ್ಲಿ ವೃದ್ಧರ ಪಿಂಚಣಿಯ ಕಾನೂನು ಬಂತು. ಸಂಕಟ ಒಂದೇ ಆದರೂ ದಾರಿ ಬೇರೆಯಾದದ್ದು ಏಕೆ ಎಂದು ಮಗಳ ಜೊತೆ ವಾದಕ್ಕೆ ಕೂರಿ.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗ:
ಮೇಷ್ಟ್ರ ದಾರಿಯೇ ಸರಿ. ನನ್ನ ಮಗನಿಗೆ 1965 ಅರ್ಥವಾದದ್ದು, ನಾವು ಈ ದೇಶಕ್ಕೆ ಬರಲು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಯಿಂದ. 1946ರ ಕಾನೂನು ಭಾರತೀಯರಿಗೆ ಕೊಟ್ಟಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100 ಜನ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾನೂನು ಹುಟ್ಟಿದ ನಾಡು ನೋಡಿ ಅಳೆಯುವ ಆ ಪದ್ಧತಿಯನ್ನು ತೆಗೆಯಿತು. ಎರಡೇ ತಿಂಗಳ ಹಿಂದೆ, ಆಗಸ್ಟ್ 6ಕ್ಕೆ, ಕಪ್ಪು ಜನರ ಮತದಾನದ ಹಕ್ಕನ್ನು ಕಾಪಾಡುವ ಕಾನೂನು ಬಂದಿತ್ತು. ಅಮೆರಿಕದ ದಕ್ಷಿಣದ ಮಾಂಟ್‌ಗೊಮರಿ ಊರಲ್ಲಿ ಬಸ್ಸಿನೊಳಗಿನ ವರ್ಣಭೇದ ವಿರೋಧಿಸಿ ಬಸ್ ಹತ್ತದೆ ವರ್ಷಕ್ಕೂ ಹೆಚ್ಚು ಕಾಲ ನಡೆದೇ ಓಡಾಡಿದವರ ಹೋರಾಟದ ಫಲ ನಮ್ಮ ಡಾಕ್ಟರು, ಎಂಜಿನಿಯರುಗಳಿಗೂ ಸಿಕ್ಕಿದೆ. ಇಲ್ಲಿನ ಕನ್ನಡ ಕೂಟಗಳಲ್ಲಿ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಕೆಎಎಸ್ ಪರೀಕ್ಷೆಗೆ ಓದುತ್ತಿರುವವಳು:
ಅಕ್ಕ, 1962ರ ಅಕ್ಟೋಬರ್ ತಿಂಗಳನ್ನು ಒಂದು ಹಾಳೆಯಲ್ಲಿ ಬರೆಸಿ. 16ಕ್ಕೆ ಕ್ಯೂಬಾದ ಸೋವಿಯತ್ ಕ್ಷಿಪಣಿಗಳ ಚಿತ್ರ ಅಮೆರಿಕದ ಅಧ್ಯಕ್ಷ ಕೆನಡಿಯ ಕೈಗೆ. 20ಕ್ಕೆ ನಮ್ಮ ಗಡಿಯಲ್ಲಿ ಚೀನಾದ ದಾಳಿ. 22ಕ್ಕೆ ಕೆನಡಿಯ ಟಿವಿ ಭಾಷಣ, 28ಕ್ಕೆ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ತೆಗೆಯಲು ಒಪ್ಪಿದ್ದು. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿ ತೆಗೆಯುವ ಗುಟ್ಟಿನ ಮಾತುಕತೆಯನ್ನೂ ಸೇರಿಸಿ. ಅದಿಲ್ಲದೆ ಕ್ರುಶ್ಚೇವ್ ಏಕೆ ಒಪ್ಪಿದ ಎಂಬುದು ಪೂರ್ತಿ ತಿಳಿಯುವುದಿಲ್ಲ.